ಬಸವಣ್ಣನವರ ಐದು ರೂಪಾಯಿ

ಕನ್ನಡದಲ್ಲಿ ‘ನಾಣ್ಯ’ವೆಂಬ ಮಾತಿಗೆ ಎರಡು ಅರ್ಥಗಳುಂಟೆಂಬುದು ಸರ್ವರಿಗೂ ವಿದಿತವಾದ ಸಂಗತಿ. ಟಂಕಸಾಲೆಯಲ್ಲಿ ಅಚ್ಚಾಗಿ ಬಂದ ಲೋಹದ ಬಿಲ್ಲೆಯೂ ನಾಣ್ಯವೇ. ಕಲಬೆರಕೆಯಿಲ್ಲದ ಸರಕಿನ ಗುಣವೂ, ಆಡಿದ ಮಾತಿಗೆ ತಪ್ಪದ ಮನುಷ್ಯನ ನಡತೆಯೂ ನಾಣ್ಯವೇ. ‘ಅದು ನಾಣ್ಯಸ್ಥರ ಮನೆ’ ಎಂದು ಹಿರಿಯರು ಹೇಳುವಾಗ ಆ ಮನೆಯ ಪೆಟ್ಟಿಗೆಯಲ್ಲಿರುವ ಹಣವನ್ನು ಎಣಿಸಿ ಹೇಳಿದವರಲ್ಲ. ಸಾಮಾನ್ಯವಾಗಿ ಈ ಎರಡು ಅರ್ಥಗಳೂ ಒಂದನ್ನೊಂದು ಅನುಸರಿಸಿಯೇ ನಡೆಯುತ್ತವೆ. ಆದರೆ ಒಮ್ಮೊಮ್ಮೆ ಅಂಗೈಯಲ್ಲಿರುವ ನಾಣ್ಯವು ಮನಸ್ಸಿನ ನಾಣ್ಯವನ್ನು ಪರೀಕ್ಷೆಗೆ ಒಡ್ಡುವುದೂ ಉಂಟು. ಆ ಪರೀಕ್ಷೆಗೆ ವರಹವೂ ಬೇಕಾಗಿಲ್ಲ, ಬೆಳ್ಳಿಯ ರೂಪಾಯಿಯೂ ಬೇಕಾಗಿಲ್ಲ. ಚಿಲ್ಲರೆಯಲ್ಲಿ ಬಂದ ಐದು ರೂಪಾಯಿಯ ಒಂದು ಬಿಲ್ಲೆಯೇ ಸಾಕಾಗುತ್ತದೆ.

ಇಂತಹುದೊಂದು ಪ್ರಸಂಗವನ್ನು ಭಾವಿಸಬಹುದು. ಬೆಂಗಳೂರಿನ ಬಸವೇಶ್ವರನಗರದಲ್ಲಿ ವಾಸವಾಗಿರುವ ಒಬ್ಬ ಸದ್ಗೃಹಸ್ಥರು; ಬ್ಯಾಂಕಿನ ನೌಕರಿಯಿಂದ ನಿವೃತ್ತರಾದವರು; ಹಣ ಎಣಿಸುವುದರಲ್ಲಿ ನುರಿತ ಕೈ. ಮಾಗಡಿ ರಸ್ತೆಯ ಆಚೆಗಿರುವ ಒಂದು ಮಠದಲ್ಲಿ ವರ್ಷಕ್ಕೆ ಕೆಲವು ಬಾರಿ ಹುಂಡಿಯನ್ನು ತೆರೆದಾಗ ಎಣಿಕೆಗೆ ಅವರನ್ನು ಕರೆಯುವುದು ವಾಡಿಕೆ. ಶ್ರಾವಣ ಮಾಸ ಮುಗಿದ ಮೇಲೆ ಪಡಸಾಲೆಯಲ್ಲಿ ಜಮಖಾನ ಹಾಸಿ, ಹುಂಡಿಯನ್ನು ಬೋರಲು ಹಾಕಿ, ಐದಾರು ಜನ ಭಕ್ತರು ಸುತ್ತಲೂ ಕುಳಿತು, ನೋಟುಗಳನ್ನು ಒಂದು ಕಡೆ, ನಾಣ್ಯಗಳನ್ನು ಇನ್ನೊಂದು ಕಡೆ ವಿಂಗಡಿಸುತ್ತಿದ್ದರು. ಆಗ ಐದು ರೂಪಾಯಿಗಳ ರಾಶಿಯಲ್ಲಿ ಅವರ ಕಣ್ಣಿಗೆ ಒಂದು ಬಿಲ್ಲೆ ಬಿತ್ತು. ಒಂದು ಮುಖದಲ್ಲಿ ಸಿಂಹಸ್ತಂಭ; ಇನ್ನೊಂದು ಮುಖದಲ್ಲಿ ಬಸವಣ್ಣನವರು. ಅವರು ತಮ್ಮ ಕಿಸೆಯಿಂದ ಬೇರೊಂದು ಐದು ರೂಪಾಯಿಯನ್ನು ತೆಗೆದು ರಾಶಿಗೆ ಹಾಕಿ, ಬಸವಣ್ಣನವರ ನಾಣ್ಯವನ್ನು ಕಣ್ಣಿಗೆ ಒತ್ತಿಕೊಂಡು ಕಿಸೆಗೆ ಹಾಕಿಕೊಂಡರು. ಸಂಜೆ ಲೆಕ್ಕ ಸರಿಹೋಯಿತು. ಒಂದು ಕಾಸೂ ಹೆಚ್ಚಲಿಲ್ಲ, ಒಂದು ಕಾಸೂ ಕಡಮೆಯಾಗಲಿಲ್ಲ. ಮನೆಗೆ ಬಂದು ನಾಣ್ಯವನ್ನು ಪೂಜೆಯ ಜಗಲಿಯ ಮೇಲೆ ಇಟ್ಟರು. ಮಡದಿ ಅದನ್ನು ನೋಡಿ ಕೇಳಿದ್ದು ಒಂದೇ ಮಾತು: “ಇದನ್ನು ಬದಲಾಯಿಸಿಕೊಂಡೆನೆಂದು ಅಲ್ಲಿ ಯಾರಿಗಾದರೂ ಹೇಳಿದಿರಾ?”

ಗೃಹಸ್ಥರು ಉತ್ತರಿಸಲಿಲ್ಲ. ಉತ್ತರ ಅಷ್ಟು ಸುಲಭವಾಗಿಯೂ ಇಲ್ಲ. ಅವರು ಮಾಡಿದುದು ತಪ್ಪೇ? ತಪ್ಪಾದರೆ, ಯಾರಿಗೆ ಯಾವ ನಷ್ಟವಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ನಾಣ್ಯದ ಬೆಲೆಯೆಂಬುದು ಏನೆಂದು ತಿಳಿಯಬೇಕು.

ಆ ನಾಣ್ಯದ ವೃತ್ತಾಂತ ಹೀಗಿದೆ. ಭಾರತ ಸರ್ಕಾರವು 2006ರಲ್ಲಿ ಮಹಾತ್ಮಾ ಬಸವೇಶ್ವರರ ಸ್ಮರಣಾರ್ಥವಾಗಿ ನೂರು ರೂಪಾಯಿಯ ಮತ್ತು ಐದು ರೂಪಾಯಿಯ ನಾಣ್ಯಗಳನ್ನು ಹೊರತಂದಿತು. ನೂರು ರೂಪಾಯಿಯದು ಸಂಗ್ರಾಹಕರಿಗಾಗಿ ಮಾಡಿದುದು, ಅಂಗಡಿಗೆ ಬಂದುದಲ್ಲ. ಐದು ರೂಪಾಯಿಯದಾದರೋ ತರಕಾರಿ ಅಂಗಡಿಗೂ ಬಸ್ಸಿಗೂ ಹೋಗಿ ಸಾಮಾನ್ಯರ ಕೈಯಲ್ಲಿ ಸವೆಯಲೆಂದೇ ಹುಟ್ಟಿದುದು. ಅದರ ಮೇಲೆ ಹೆಸರು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇದೆ, ಕನ್ನಡದಲ್ಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮೈಲಿ ಕಾಸಿನ ಮೇಲೆ ಕನ್ನಡವಿತ್ತು. ಕನ್ನಡಕ್ಕೆ ವಚನವನ್ನು ಕೊಟ್ಟವರ ನಾಣ್ಯದಲ್ಲಿ ಅದಕ್ಕೆ ಎಡೆಯಿಲ್ಲವಾಯಿತು. ಇರಲಿ.

ಬಸವಣ್ಣನವರ ರೂಪವನ್ನು ನಾಣ್ಯದ ಮೇಲೆ ಕಾಣುವುದು ಒಂದು ಬಗೆಯಲ್ಲಿ ಉಚಿತವೇ ಆಗಿದೆ. ಹನ್ನೆರಡನೆಯ ಶತಮಾನದಲ್ಲಿ ಅವರು ಬಿಜ್ಜಳನ ಭಂಡಾರಿಗಳಾಗಿದ್ದವರು. ಗದ್ಯಾಣ, ಪಣ, ಪಣದ ಕಾಲುಭಾಗವಾದ ಹಾಗ, ಹದಿನಾರನೆಯ ಒಂದು ಭಾಗವಾದ ವೀಸ, ಇವೆಲ್ಲ ಅವರ ಕಣ್ಣೆದುರಿನಲ್ಲಿ ಎಣಿಕೆಯಾದ ವಸ್ತುಗಳು. ಭಂಡಾರದ ಹಣವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂದು ಕೊಂಡೆಯರು ಅರಸನ ಕಿವಿಗೆ ಊದಿದಾಗ, ಅರಸನು ಪೆಟ್ಟಿಗೆಗಳನ್ನು ತೆರೆಯಿಸಿ ಎಣಿಸಿ ನೋಡಲು ಎಲ್ಲವೂ ಸರಿಯಾಗಿದ್ದಿತೆಂದು ಪುರಾಣಗಳು ಹೇಳುತ್ತವೆ. ಲೆಕ್ಕ ಸರಿಹೋಯಿತೆಂಬ ಮಾತು ಅಲ್ಲಿಯೂ ಇದೆ, ಹುಂಡಿಯ ಎಣಿಕೆಯಲ್ಲಿಯೂ ಇದೆ. ಎರಡೂ ಒಂದೇ ಬಗೆಯ ಸರಿಯೇ ಎಂಬುದನ್ನು ಮುಂದೆ ನೋಡಬೇಕಾಗಿದೆ.

ಯಾವ ನಾಣ್ಯಕ್ಕಾದರೂ ಮೂರು ಬೆಲೆಗಳಿರುತ್ತವೆ. ಒಂದು, ಅದರ ಮೇಲೆ ಬರೆದಿರುವ ಮುಖಬೆಲೆ. ಎರಡು, ಕರಗಿಸಿದರೆ ದೊರೆಯುವ ಲೋಹದ ಬೆಲೆ. ಮೂರು, ಅದನ್ನು ಬಯಸುವವರು ಕೊಡಲು ಒಪ್ಪುವ ಬೆಲೆ. ಪುರಾತನ ಕಾಲದಲ್ಲಿ ಮೊದಲಿನ ಎರಡು ಬೆಲೆಗಳ ನಡುವೆ ಹೆಚ್ಚು ಅಂತರವಿರಲಿಲ್ಲ. ಬೆಂಗಳೂರಿನ ಈ ಪಶ್ಚಿಮ ಭಾಗದಲ್ಲಿಯೇ ಅದಕ್ಕೊಂದು ನಿದರ್ಶನವಿದೆ. ಇಂದಿನ ರಾಜಾಜಿನಗರಕ್ಕೆ ಹೊಂದಿಕೊಂಡಿರುವ ಯಶವಂತಪುರದ ಬಳಿ 1891ರಲ್ಲಿ ರೈಲಿನ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿರುವಾಗ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಮುಂತಾದವರ ಬೆಳ್ಳಿಯ ನಾಣ್ಯಗಳು ದೊರೆತುವು. ಸಮುದ್ರದ ಆಚೆಯ ಆ ದೊರೆಗಳ ಆಜ್ಞೆ ಈ ಸೀಮೆಯಲ್ಲಿ ನಡೆಯುತ್ತಿರಲಿಲ್ಲ. ಅವರ ಹೆಸರನ್ನು ಇಲ್ಲಿ ಓದಬಲ್ಲವರೂ ವಿರಳರಾಗಿದ್ದಿರಬೇಕು. ಆದರೂ ನಾಣ್ಯವು ಇಲ್ಲಿಗೆ ಬಂದು ನೆಲೆನಿಂತುದು ಅದು ಬೆಳ್ಳಿಯಾಗಿದ್ದುದರಿಂದ.

ತಾಮ್ರದ ಕಾಸಿನ ವಿಷಯ ಹೀಗಲ್ಲ. ಚಿಕ್ಕ ನಾಣ್ಯವು ಎಂದಿಗೂ ನಂಬಿಕೆಯ ಮೇಲೆಯೇ ನಡೆದುದು. ಟೀಪುವಿನ ಆನೆಯ ಚಿತ್ರದ ಕಾಸಾಗಲಿ, ಕೃಷ್ಣರಾಜ ಒಡೆಯರ ಸಿಂಹದ ಚಿತ್ರದ ಕಾಸಾಗಲಿ, ಸಂತೆಯಲ್ಲಿ ಬೆಲ್ಲವನ್ನೋ ಎಲೆಅಡಿಕೆಯನ್ನೋ ತಂದುಕೊಡುತ್ತಿದ್ದುದು ನಾಳೆ ಇನ್ನೊಬ್ಬನೂ ಅದನ್ನು ಸ್ವೀಕರಿಸುವನೆಂಬ ಭರವಸೆಯಿಂದ. ಮೈಸೂರಿನ ಟಂಕಸಾಲೆಯು 1833ರಲ್ಲಿ ಬೆಂಗಳೂರಿಗೆ ಬಂದು, 1843ರಲ್ಲಿ ಮುಚ್ಚಿಹೋಯಿತು. ಆಮೇಲೆ ಈ ಭಾಗದ ಜನರ ಕೈಯಲ್ಲಿ ಓಡಾಡಿದುದು ಹೊರಗಿನಿಂದ ಬಂದ ಕಾಸು. ಅದನ್ನೂ ಜನ ನಂಬಿದರು.

ಆ ನಂಬಿಕೆಗೆ ಒಮ್ಮೆ ದೊಡ್ಡ ಪರೀಕ್ಷೆ ಬಂದುದು 1957ರಲ್ಲಿ. ಅಲ್ಲಿಯವರೆಗೆ ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಕಾಸು. ಆ ವರ್ಷ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ. ಒಂದು ಆಣೆಗೆ ಸರಿಯಾಗಿ ಆರೂಕಾಲು ನಯಾ ಪೈಸೆಯಾಗಬೇಕು. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಒಂದು ಆಣೆಗೆ ಆರು, ಎರಡು ಆಣೆಗೆ ಹನ್ನೆರಡು, ಮೂರು ಆಣೆಗೆ ಹತ್ತೊಂಬತ್ತು, ನಾಲ್ಕು ಆಣೆಗೆ ಇಪ್ಪತ್ತೈದು ಎಂದು ಪಟ್ಟಿ ಮಾಡಲಾಯಿತು. ಒಂದೊಂದು ಆಣೆಯ ವಸ್ತುವನ್ನು ನಾಲ್ಕು ಬಾರಿ ಮಾರಿದ ಅಂಗಡಿಯವನಿಗೆ ಒಂದು ನಯಾ ಪೈಸೆ ನಷ್ಟ; ಮೂರು ಆಣೆಯ ವಸ್ತುವನ್ನು ಮಾರಿದವನಿಗೆ ಕಾಲು ಪೈಸೆ ಲಾಭ. ಬುದ್ಧಿವಂತ ವರ್ತಕನು ಯಾವುದನ್ನು ಬಿಡಿಯಾಗಿ, ಯಾವುದನ್ನು ಒಟ್ಟಾಗಿ ಮಾರಬೇಕೆಂದು ಬೇಗನೆ ಕಲಿಯಬಹುದಾಗಿತ್ತು. ಕಾಲು ಪೈಸೆ ಯಾರ ಕಣ್ಣಿಗೂ ಕಾಣದು. ಆದರೂ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಲೇ ಇರುತ್ತದೆ. ಇಂದು ಅಂಗಡಿಯಲ್ಲಿ ಒಂದು ರೂಪಾಯಿಗೆ ಬದಲಾಗಿ ಮಿಠಾಯಿ ಕೊಡುವುದೂ ಅದೇ ಜಾತಿಗೆ ಸೇರಿದ ಪದ್ಧತಿ. ಕೊಂಡವನು ಅದೇ ಮಿಠಾಯಿಯನ್ನು ಮರುದಿನ ಹಿಂದಕ್ಕೆ ಕೊಟ್ಟು ಒಂದು ರೂಪಾಯಿಯ ಸಾಮಾನು ಕೇಳಿದರೆ ಅಂಗಡಿಯವನ ಮುಖ ಹೇಗಾಗುವುದೆಂಬುದನ್ನು ಊಹಿಸಿಕೊಳ್ಳಬಹುದು.

‘ನಯಾ’ ಎಂಬ ಮಾತು 1964ರಲ್ಲಿ ಬಿಟ್ಟುಹೋಯಿತು. ಅದೇ ಸುಮಾರಿಗೆ ಅಲ್ಯೂಮಿನಿಯಮ್ಮಿನ ಹಗುರ ಪೈಸೆಗಳು ಬಂದುವು: ಚೌಕಾಕಾರದ ಒಂದು ಪೈಸೆ, ಅಲೆಅಂಚಿನ ಎರಡು ಪೈಸೆ, ಆರು ಮೂಲೆಯ ಮೂರು ಪೈಸೆ. 1968ರಲ್ಲಿ ತಾವರೆಯ ಚಿತ್ರವಿದ್ದ ಇಪ್ಪತ್ತು ಪೈಸೆಯ ಹಳದಿ ನಾಣ್ಯವು ಬಂದಾಗ, ಅದರ ಹೊಳಪನ್ನು ಕಂಡು ಚಿನ್ನ ಬೆರೆತಿದೆಯೆಂದು ಬಗೆದು ಗಂಟುಕಟ್ಟಿ ಇಟ್ಟವರೂ ಇದ್ದರು. ಅದು ಹಿತ್ತಾಳೆಯ ಬಗೆಯ ಮಿಶ್ರಲೋಹವಲ್ಲದೆ ಬೇರೇನಲ್ಲ. ಇಂತಹ ಗಂಟುಗಳು ರಾಜಾಜಿನಗರದ, ವಿಜಯನಗರದ ಹಳೆಯ ಮನೆಗಳ ಅಟ್ಟದ ಮೇಲೆ, ಕೆಂಗೇರಿಯ ಹಳೆಯ ಹಟ್ಟಿಗಳ ಗೂಡುಗಳಲ್ಲಿ ಇಂದಿಗೂ ದೊರೆಯುವುದುಂಟು. ದೊರೆತ ಕೂಡಲೇ ಮನೆಯವರಲ್ಲಿ ಏಳುವ ಪ್ರಶ್ನೆ: ಇದಕ್ಕೆ ಎಷ್ಟು ಬರುತ್ತದೆ?

ಬಹುಮಟ್ಟಿಗೆ ಏನೂ ಬಾರದು ಎಂಬುದೇ ನಿಜವಾದ ಉತ್ತರ. ನಾಣ್ಯವು ಹಳೆಯದಾದ ಮಾತ್ರಕ್ಕೆ ಬೆಲೆಯುಳ್ಳದ್ದಾಗುವುದಿಲ್ಲ. ಐದನೆಯ ಜಾರ್ಜ್ ದೊರೆಯ ಕಾಲಾಣೆಯು ನೂರು ವರ್ಷ ಹಳೆಯದಾದರೂ ಕೋಟಿಗಟ್ಟಲೆ ಅಚ್ಚಾದುದು. 1943ರಿಂದ 1947ರವರೆಗೆ ಬಂದ ತೂತಿನ ಕಾಸೂ ಹಾಗೆಯೇ. ಯುದ್ಧಕಾಲದಲ್ಲಿ ಲೋಹ ಉಳಿಸಲೆಂದು ನಡುವೆ ಕೊರೆದ ಆ ಕಾಸನ್ನು ಜನ ಮೊಳೆಯ ಕೆಳಗಿನ ಬಿಲ್ಲೆಯನ್ನಾಗಿಯೂ ಬಳಸಿದರು. ಬೆಲೆಯನ್ನು ನಿಶ್ಚಯಿಸುವುದು ಎಷ್ಟು ಅಚ್ಚಾಯಿತು, ಎಷ್ಟು ಉಳಿದಿದೆ, ಯಾವ ಸ್ಥಿತಿಯಲ್ಲಿದೆ, ಬಯಸುವವರು ಎಷ್ಟು ಮಂದಿ ಎಂಬ ನಾಲ್ಕು ಸಂಗತಿಗಳು. ಟಂಕಸಾಲೆಯ ಗುರುತನ್ನು ವರ್ಷದ ಅಂಕಿಯ ಕೆಳಗೆ ನೋಡಬೇಕು: ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ದುಂಡುಚುಕ್ಕೆಯಿದ್ದರೆ 1988ರಿಂದ ನಾಣ್ಯ ಹೊರತಂದ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತೆ. ಒಂದೇ ವರ್ಷದ ಒಂದೇ ನಾಣ್ಯವು ಒಂದು ಟಂಕಸಾಲೆಯಲ್ಲಿ ರಾಶಿರಾಶಿಯಾಗಿಯೂ ಇನ್ನೊಂದರಲ್ಲಿ ಅತ್ಯಲ್ಪವಾಗಿಯೂ ಅಚ್ಚಾಗಿರಬಹುದು. ಲೋಹವನ್ನು ತಿಳಿಯಲು ಮನೆಯಲ್ಲಿಯೇ ಉಪಾಯವುಂಟು: ಅಯಸ್ಕಾಂತಕ್ಕೆ ಅಂಟುವ ಐದು ರೂಪಾಯಿ ಉಕ್ಕಿನದು, ಅಂಟದ ಬಿಳಿಯ ನಾಣ್ಯ ತಾಮ್ರ ಮತ್ತು ನಿಕ್ಕಲ್ ಬೆರೆತುದು.

ಒಂದು ಎಚ್ಚರಿಕೆ ಮನೆಯ ತಾಯಂದಿರಿಗೆ ಅವಶ್ಯ. ಹಳೆಯ ತಾಮ್ರದ ಕಾಸು ಸಿಕ್ಕಿದೊಡನೆ ದೇವರ ಪಾತ್ರೆಗಳೊಡನೆ ಹುಣಸೆಹುಳಿ ಹಚ್ಚಿ ತಿಕ್ಕಿ ಥಳಥಳಿಸುವಂತೆ ಮಾಡುವುದು ಸಹಜವಾದ ಶ್ರದ್ಧೆ. ಆದರೆ ನಾಣ್ಯವನ್ನು ಬಲ್ಲವನಿಗೆ ಬೇಕಾದುದು ಆ ಕಪ್ಪು ಮುಚ್ಚಳವೇ. ಶತಮಾನಗಳು ಹೊದಿಸಿದ ಆ ಪೊರೆಯು ಹೋದರೆ ಅಚ್ಚಿನ ನವುರು ಗೆರೆಗಳೂ ಹೋಗುತ್ತವೆ, ಬೆಲೆಯೂ ಇಳಿಯುತ್ತದೆ. ಆನೆಯ ಚಿತ್ರದ ಸವೆದ ಕಾಸೊಂದು ಕೆಲವು ನೂರು ರೂಪಾಯಿಗಷ್ಟೇ ಬಾಳುವ ವಸ್ತು. ತಿಕ್ಕಿದ ಮೇಲೆ ಅದೂ ಅನುಮಾನ.

ಈ ಅಜ್ಞಾನವನ್ನು ಆಧರಿಸಿ ನಡೆಯುವ ಮೋಸ ಬಹಳ. ಮಾತಾ ವೈಷ್ಣೋದೇವಿಯ ಚಿತ್ರವುಳ್ಳ 2012ರ ಐದು ಮತ್ತು ಹತ್ತು ರೂಪಾಯಿಗಳಿಗೆ ಲಕ್ಷಗಟ್ಟಲೆ ಸಿಗುವುದೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅವು ಬಳಕೆಗೆ ಬಂದ ಸಾಮಾನ್ಯ ನಾಣ್ಯಗಳು. ತನ್ನ ಹೆಸರನ್ನೂ ಚಿಹ್ನೆಯನ್ನೂ ಬಳಸಿಕೊಂಡು ಹಳೆಯ ನಾಣ್ಯ ನೋಟುಗಳ ಮಾರಾಟಕ್ಕೆ ಶುಲ್ಕವೆಂದೂ ತೆರಿಗೆಯೆಂದೂ ಕೆಲವರು ಹಣ ಕೇಳುತ್ತಿದ್ದಾರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿ ಜನರನ್ನು ಎಚ್ಚರಿಸಬೇಕಾಯಿತು. ನಾಣ್ಯಕ್ಕೆ ಲಕ್ಷ ಕೊಡುವೆನೆಂದು ಹೇಳಿ, ಮೊದಲು ಐದು ಸಾವಿರ ಕಳುಹಿಸೆಂದು ಕೇಳುವವನು ವ್ಯಾಪಾರಿಯಲ್ಲ. ಬಸವಣ್ಣನವರ ಐದು ರೂಪಾಯಿಗೂ ಇಂತಹ ಬೆಲೆಗಳನ್ನು ಹೇಳುವವರುಂಟು. ಕೈಯಲ್ಲಿ ಓಡಾಡಿ ಸವೆದ ಆ ನಾಣ್ಯ ಮುಖಬೆಲೆಗಿಂತ ಹೆಚ್ಚೇನನ್ನೂ ತರಲಾರದು. ಹೊಳಪು ಕೆಡದುದಕ್ಕೆ ಸಂಗ್ರಾಹಕರು ಸ್ವಲ್ಪ ಹೆಚ್ಚಾಗಿ ಕೊಡಬಹುದು, ಅಷ್ಟೆ.

ಹಾಗಾದರೆ ಹುಂಡಿಯಲ್ಲಿ ನಾಣ್ಯ ಬದಲಾಯಿಸಿದ ಗೃಹಸ್ಥರು ಯಾರಿಗೂ ಹೇಳಿಕೊಳ್ಳುವಂತಹ ನಷ್ಟವನ್ನು ಮಾಡಲಿಲ್ಲವೆಂದಾಯಿತು. ಅವರಲ್ಲಿ ಲೋಭವೂ ಇರಲಿಲ್ಲ, ಇದ್ದುದು ಭಕ್ತಿ. ಪ್ರಕರಣವು ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಮಡದಿಯ ಪ್ರಶ್ನೆ ನಿಂತೇ ಇದೆ. ಅವರು ಬೆಲೆ ಎಷ್ಟೆಂದು ಕೇಳಲಿಲ್ಲ. ಹೇಳಿದಿರಾ ಎಂದು ಕೇಳಿದರು.

ಇಲ್ಲಿ ನುಲಿಯ ಚಂದಯ್ಯಗಳ ಕಥೆಯನ್ನು ನೆನೆಯುವುದು ಅಪ್ರಸ್ತುತವಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ಮಾಡುತ್ತಿದ್ದ ಆ ಶರಣರ ಹಗ್ಗಕ್ಕೆ ಬಸವಣ್ಣನವರು ತಕ್ಕ ಬೆಲೆಗಿಂತ ಬಹಳ ಹೆಚ್ಚಾಗಿ ಹೊನ್ನು ಕೊಟ್ಟಾಗ, ಚಂದಯ್ಯಗಳು ಅದನ್ನು ಒಪ್ಪದೆ ಹಗ್ಗಕ್ಕೆ ಸಲ್ಲುವಷ್ಟನ್ನು ಮಾತ್ರ ಬಯಸಿದರೆಂದು ಕಥೆ. ಆಯ್ದಕ್ಕಿಯ ಮಾರಯ್ಯಗಳು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದುದೂ ಪ್ರಸಿದ್ಧವಾಗಿದೆ. ಸಾಮಾನ್ಯವಾಗಿ ಈ ಕಥೆಗಳನ್ನು ನಿರಾಶೆಗೆ, ಅಪರಿಗ್ರಹಕ್ಕೆ ಉದಾಹರಣೆಗಳಾಗಿ ಹೇಳುತ್ತಾರೆ. ಅದು ಸರಿ. ಆದರೆ ಇವುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ಕಡೆಯಲ್ಲಿಯೂ ಬಂದ ಹೆಚ್ಚಳವು ಕದ್ದುದಲ್ಲ. ಕೊಟ್ಟವರು ಮನಸಾರೆ ಕೊಟ್ಟರು. ಚೆಲ್ಲಿದ ಅಕ್ಕಿಯನ್ನು ಆಯಬಾರದೆಂದು ಯಾರೂ ತಡೆದಿರಲಿಲ್ಲ. ಲೆಕ್ಕದ ದೃಷ್ಟಿಯಿಂದ ಯಾವ ದೋಷವೂ ಇಲ್ಲ. ಆದರೂ ಪಡೆದವರು ‘ಇದು ಯಾತಕ್ಕೆ ಬಂದುದು?’ ಎಂದು ಕೇಳಿದರು. ಲೆಕ್ಕದ ಪುಸ್ತಕವು ಎಷ್ಟು ಬಂದಿತೆಂಬುದನ್ನು ಹೇಳಬಲ್ಲುದು. ಯಾತಕ್ಕೆ ಬಂದಿತೆಂಬುದನ್ನು ಅದು ಹೇಳಲಾರದು.

ಹಾಗೆಂದು ಬಲ್ಲವನು ತನ್ನ ಬಲ್ಮೆಯಿಂದ ಏನನ್ನೂ ಪಡೆಯಬಾರದೆಂದು ವಾದಿಸುವುದೂ ನ್ಯಾಯವಲ್ಲ. ನಾಣ್ಯಗಳನ್ನು ಗುರುತಿಸುವುದು ವರ್ಷಗಟ್ಟಲೆ ಕಣ್ಣು ಸವೆಸಿ ಗಳಿಸಿದ ವಿದ್ಯೆ. ಕರ್ನಾಟಕದ ನಾಣ್ಯಗಳನ್ನು ಕುರಿತು ಡಾ. ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಗ್ರಂಥ ರಚಿಸಿದರೆಂದರೆ ಅದರ ಹಿಂದೆ ಶಾಸನಗಳ, ಸಂಗ್ರಹಾಲಯಗಳ ಎಷ್ಟು ಪರಿಶ್ರಮವಿತ್ತೋ! ಅಂತಹ ಶ್ರಮವೂ ಕಾಯಕವೇ. ಕಾಯಕಕ್ಕೆ ಪ್ರತಿಫಲ ಸಲ್ಲಬೇಕಾದುದೇ. ನಾಣ್ಯ ವ್ಯಾಪಾರಿಯು ಹತ್ತು ರೂಪಾಯಿಗೆ ಕೊಂಡು ಇಪ್ಪತ್ತಕ್ಕೆ ಮಾರಿದರೆ ಪಾಪವೆನ್ನುವವರು ತಮ್ಮ ಅಕ್ಕಿಯ ಅಂಗಡಿಯವನನ್ನೂ ಪಾಪಿಯೆನ್ನಬೇಕಾಗುತ್ತದೆ.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ಮೂರು ಸನ್ನಿವೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅದು ಸ್ಪಷ್ಟವಾದೀತು. ಕೆಂಗೇರಿಯ ಒಂದು ದಿನಸಿ ಅಂಗಡಿಯಲ್ಲಿ ಚಿಲ್ಲರೆ ಪಡೆದವನ ಕೈಗೆ ವಿರಳವಾದ ನಾಣ್ಯವೊಂದು ಬಂದಿತೆನ್ನೋಣ. ಅಂಗಡಿಯವನು ಕೊಡಬೇಕಾದುದು ಐದು ರೂಪಾಯಿ, ಕೊಟ್ಟುದು ಐದು ರೂಪಾಯಿ. ಪಡೆದವನು ತನ್ನ ಹಣವನ್ನು ತನ್ನ ಕಣ್ಣಿನಿಂದ ನೋಡಿಕೊಂಡನು. ಅದೃಷ್ಟ ಅವನದು. ಇದರಲ್ಲಿ ದೋಷವನ್ನು ಹುಡುಕುವುದು ಅತಿಯಾದೀತು.

ಎರಡನೆಯದು: ವಿಜಯನಗರದ ಮನೆಯೊಂದರಲ್ಲಿ ವೃದ್ಧೆಯೊಬ್ಬರು ಸತ್ತ ಗಂಡನ ತಗಡಿನ ಡಬ್ಬಿಯನ್ನು ತೆರೆದು, ನಾಣ್ಯಗಳನ್ನು ಬಲ್ಲ ನೆರೆಮನೆಯ ಯುವಕನಿಗೆ ತೋರಿಸಿ, “ಇವಕ್ಕೆ ಏನಾದರೂ ಬೆಲೆಯಿದೆಯೇನಪ್ಪ?” ಎಂದು ಕೇಳುತ್ತಾರೆ. ಅವನ ಕಣ್ಣಿಗೆ ಒಳ್ಳೆಯದೊಂದು ಕಾಣುತ್ತದೆ. “ಏನಿಲ್ಲ ಅಜ್ಜಿ, ಎಲ್ಲಕ್ಕೂ ಸೇರಿ ಇನ್ನೂರು ಕೊಡುತ್ತೇನೆ” ಎಂದರೆ, ಇನ್ನೂರು ರೂಪಾಯಿಗೆ ಅಜ್ಜಿ ಸಂತೋಷಪಟ್ಟರೂ ಅದು ವಂಚನೆ. ಕೇಳಿದ ಕ್ಷಣದಲ್ಲಿ ಆಕೆ ಅವನ ಕಣ್ಣುಗಳನ್ನು ಎರವಲು ಪಡೆದಳು. ಅವನು ಕೊಡಲು ಒಪ್ಪಿದನು. ಆಮೇಲೆ ಆ ಕಣ್ಣು ಕಂಡುದೆಲ್ಲ ಆಕೆಗೆ ಸೇರಿದುದು. ಅವನು ಇದ್ದ ಬೆಲೆಯನ್ನು ಹೇಳಿ, ತನ್ನ ಶ್ರಮಕ್ಕೆ ಇಷ್ಟು ಬೇಕೆಂದು ಬಾಯಿಬಿಟ್ಟು ಕೇಳಬಹುದಾಗಿತ್ತು. ಆಕೆ ಕೊಡುತ್ತಿದ್ದಳೋ ಇಲ್ಲವೋ ಅದು ಬೇರೆ ಮಾತು. ಕೂಲಿಯನ್ನು ಕೇಳಿ ಪಡೆಯುವುದಕ್ಕೂ, ಮೌನದಿಂದ ಕಡಿದುಕೊಳ್ಳುವುದಕ್ಕೂ ಇರುವ ಅಂತರವು ಹಗಲಿಗೂ ಇರುಳಿಗೂ ಇರುವಷ್ಟು.

ಮೂರನೆಯದು ಹುಂಡಿಯ ಎಣಿಕೆ. ಇಲ್ಲಿ ಯಾರೂ ಬೆಲೆ ಕೇಳಲಿಲ್ಲ. ಆದರೂ ಎಣಿಸಲು ಕುಳಿತವರ ಕಣ್ಣು ಆ ಹೊತ್ತಿನಲ್ಲಿ ಅವರದಾಗಿರಲಿಲ್ಲ. ಹುಂಡಿಗೆ ಹಾಕಿದ ಸಾವಿರಾರು ಭಕ್ತರ ಪರವಾಗಿ, ಮಠದ ಪರವಾಗಿ ನೋಡುತ್ತಿದ್ದ ಕಣ್ಣು ಅದು. ಬಸವಣ್ಣನವರ ನಾಣ್ಯವನ್ನು ಕಂಡುದು ಆ ಎರವಲಿನ ಕಣ್ಣು. ಕಿಸೆಗೆ ಹಾಕಿಕೊಂಡುದು ಸ್ವಂತದ ಕೈ. ನಾಣ್ಯ ಐದು ರೂಪಾಯಿಯದೋ ಐದು ಲಕ್ಷದ್ದೋ ಎಂಬುದರಿಂದ ಈ ಸ್ಥಿತಿ ಬದಲಾಗುವುದಿಲ್ಲ. ಭಕ್ತಿಯಿಂದ ತೆಗೆದುದೆಂಬುದರಿಂದಲೂ ಬದಲಾಗುವುದಿಲ್ಲ. ಏಕೆಂದರೆ ಅದನ್ನು ಹುಂಡಿಗೆ ಹಾಕಿದವರಿಗೂ ಭಕ್ತಿಯಿದ್ದಿತು. ಪ್ರಾಯಶಃ ತಮ್ಮ ಜಗಲಿಯ ಮೇಲೆ ಇಟ್ಟುಕೊಳ್ಳಬಹುದಾಗಿದ್ದುದನ್ನೇ ಅವರು ಅರ್ಪಿಸಿದ್ದಿರಬೇಕು. ಭಂಡಾರಿಯೆಂದರೆ ಪೆಟ್ಟಿಗೆಯ ಮೊತ್ತಕ್ಕೆ ಮಾತ್ರ ಹೊಣೆಯಾದವನಲ್ಲ. ಪೆಟ್ಟಿಗೆಯಲ್ಲಿ ತಾನು ಕಂಡುದಕ್ಕೂ ಹೊಣೆ.

ಇದನ್ನು ಹೇಳುವಾಗ ಹುಂಡಿಯ ಇನ್ನೊಂದು ಬದಿಯ ವಿಚಾರವನ್ನು ಬಿಡುವುದು ಪಕ್ಷಪಾತವಾದೀತು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ರಂದು ನಿಂತುಹೋಯಿತು. ಆಮೇಲೆ ಆ ಘೇಂಡಾಮೃಗದ ನಾಲ್ಕಾಣೆಗಳು, ಹತ್ತು ಪೈಸೆಗಳು ಎಲ್ಲಿ ಬಂದುವೆಂಬುದನ್ನು ಎಣಿಕೆಗೆ ಕುಳಿತವರನ್ನು ಕೇಳಬೇಕು. ಅಂಗಡಿಯವನು ಒಪ್ಪದ ನಾಣ್ಯವನ್ನು ದೇವರು ಒಪ್ಪುವನೆಂದು ನಂಬಿದವರು ಬಹಳ. ಅಜ್ಜಿಯೊಬ್ಬಳು ತಿಳಿಯದೆ ಹಾಕಿದರೆ ಅದರ ಬೆಲೆ ಅವಳ ಕೈಯ ನಡುಕದಲ್ಲಿದೆ. ತಿಳಿದು ಹಾಕಿದವನು ಮನೆಯ ಕಸವನ್ನು ಗುಡಿಸಿ ತಂದವನು. ಇದಕ್ಕೆ ವಿರುದ್ಧವಾದ ಅವಿವೇಕವೂ ನಗರದಲ್ಲಿದೆ. ಐವತ್ತು ಪೈಸೆ ಇಂದಿಗೂ ಕಾಯಿದೆಯಂತೆ ಸಲ್ಲುವ ನಾಣ್ಯ. ಆದರೆ ಅದನ್ನು ಕೊಟ್ಟರೆ ಮುಖ ತಿರುಗಿಸುತ್ತಾರೆ. ಹತ್ತು ರೂಪಾಯಿಯ ನಾಣ್ಯದಲ್ಲಿ ಹದಿನೈದು ಕಿರಣಗಳಿದ್ದರೆ ಖೋಟಾ, ಹತ್ತು ಕಿರಣಗಳಿದ್ದರೆ ಮಾತ್ರ ಸಾಚಾ ಎಂಬ ವದಂತಿಗೆ ಕಿವಿಗೊಟ್ಟು, ಬಡ ಹೂವಾಡಗಿತ್ತಿಯ ಕೈಯಿಂದಲೂ ಅದನ್ನು ಹಿಂದಕ್ಕೆ ತಳ್ಳಿದರು. ವಿವಿಧ ಕಾಲಗಳಲ್ಲಿ ಬಂದ ಹದಿನಾಲ್ಕು ಬಗೆಯ ಹತ್ತು ರೂಪಾಯಿಗಳೂ ಸಲ್ಲತಕ್ಕವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸಾರಿದ ಮೇಲೆಯೂ ಈ ಅನುಮಾನ ಪೂರ್ತಿಯಾಗಿ ಹೋಗಲಿಲ್ಲ. ಸಾಚಾ ನಾಣ್ಯವನ್ನು ಖೋಟಾ ಎಂದು ನೂಕುವುದು, ಸತ್ತ ನಾಣ್ಯವನ್ನು ಹುಂಡಿಗೆ ನೂಕುವುದು, ಇವೆರಡರಲ್ಲಿ ಯಾವುದು ಹೆಚ್ಚು ಕೀಳೆಂದು ತೀರ್ಮಾನಿಸುವುದು ಕಷ್ಟ.

ಬಸವೇಶ್ವರನಗರದ ಗೃಹಸ್ಥರ ಮಾತಿಗೆ ಮರಳಿದರೆ, ಅವರ ಮುಂದೆ ಎರಡು ದಾರಿಗಳಿದ್ದುವು. ನಾಣ್ಯವನ್ನು ಯಾರಿಗೂ ತಿಳಿಯದಂತೆ ಮತ್ತೆ ಹುಂಡಿಗೆ ಹಾಕಿಬಿಡುವುದು ಸುಲಭವಾದ ದಾರಿ. ಬದಲಾಗಿ ಹಾಕಿದ್ದ ಐದು ರೂಪಾಯಿ ಹೋದರೂ ಹೋಗಲಿ, ಮನಸ್ಸು ಹಗುರಾದೀತು. ಆದರೆ ಹಾಗೆ ಮಾಡಿದರೆ ಮಡದಿಯ ಪ್ರಶ್ನೆಗೆ ಉತ್ತರ ಹೇಳಿದಂತಾಗುವುದಿಲ್ಲ. ಹೇಳದೆ ತೆಗೆದುದನ್ನು ಹೇಳದೆ ಹಾಕಿದಂತಾಗುತ್ತದೆ. ಅವರು ಮಹಾಶಿವರಾತ್ರಿಯ ತರುವಾಯದ ಎಣಿಕೆಯವರೆಗೂ ಕಾದರು. ನಾಣ್ಯವನ್ನು ಅಷ್ಟು ದಿನವೂ ಜಗಲಿಯ ಮೇಲೆ ಇಡದೆ ಮೇಜಿನ ಖಾನೆಯಲ್ಲಿಟ್ಟರು.

ಎಣಿಕೆಯ ದಿನ ಜಮಖಾನದ ಮೇಲೆ ಕುಳಿತೊಡನೆ, ಹುಂಡಿಯ ಬೀಗ ತೆರೆಯುವ ಮೊದಲೇ, ಅವರು ನಾಣ್ಯವನ್ನು ನಡುವೆ ಇಟ್ಟು ನಡೆದುದನ್ನು ಹೇಳಿದರು. ಜೊತೆಯವರಲ್ಲಿ ಒಬ್ಬಿಬ್ಬರು ನಕ್ಕರು. “ಇಷ್ಟಕ್ಕೆ ಇಷ್ಟೇಕೆ? ನೀವೇ ಇಟ್ಟುಕೊಳ್ಳಿ ಸ್ವಾಮಿ” ಎಂದರು ಒಬ್ಬರು. ಲೆಕ್ಕ ಬರೆಯುವ ಹಿರಿಯರು ನಗಲಿಲ್ಲ. ನಾಣ್ಯವನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಎರಡು ಮಗ್ಗುಲೂ ತಿರುವಿ ನೋಡಿದರು. “ಅಂಕಿಯ ಕೆಳಗೆ ಏನೋ ಗುರುತಿರುತ್ತದೆ ಎನ್ನುತ್ತಾರಲ್ಲ, ಇದರಲ್ಲಿ ಎಲ್ಲಿದೆ?” ಎಂದು ಕೇಳಿದರು. ಗೃಹಸ್ಥರು ಬಾಗಿ ತೋರಿಸಿದರು. ಹಿರಿಯರು ಸ್ವಲ್ಪ ಹೊತ್ತು ನೋಡಿ, ಪುಸ್ತಕದಲ್ಲಿ ಆ ದಿನದ ಮೊದಲ ಸಾಲಿನಲ್ಲಿ ‘ಐದು ರೂಪಾಯಿ, ಒಂದು’ ಎಂದು ಬರೆದುಕೊಂಡು, ಬದಲಿಗೆ ಹಾಕಿದ್ದ ಐದು ರೂಪಾಯಿಯನ್ನು ಮಠದ ಚಿಲ್ಲರೆಯಿಂದ ಎಣಿಸಿ ಗೃಹಸ್ಥರ ಕೈಗೆ ಕೊಟ್ಟು, ಅದನ್ನೂ ಕೆಳಗೆ ಬರೆದರು. ಆಮೇಲೆ ಬೀಗದ ಕೈ ತರಲು ಹುಡುಗನನ್ನು ಕಳುಹಿಸಿದರು.